ಪರದೇಶದ ಎರಡನೇ ಮನೆ: ನಾವಿಲ್ಲದ ತಿಂಗಳುಗಳಲ್ಲಿ ಅದರ ಗತಿ ಏನು?

ಎರಡೂರಿನವ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಷೆಂಗೆನ್ ವಲಯದ (ಒಳಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಒಂದು ದೇಶದಲ್ಲಿ ಎರಡು ಕೋಣೆಯ ಫ್ಲ್ಯಾಟ್ ತಗೊಂಡೆವು. ವರ್ಷಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಹೋಗ್ತೀವಿ. ಕೊಳ್ಳುವಾಗ ಕಿಟಕಿ, ಬಾಲ್ಕನಿ, ಹೊರಗಿನ ನೋಟ ಎಲ್ಲ ನೋಡಿದ್ದೆವು. ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಅಂತ ಮಾತ್ರ ಯಾರನ್ನೂ ಕೇಳಿರಲಿಲ್ಲ.

ಹೋದ ಸಲ ರಾತ್ರಿ ಹನ್ನೊಂದೂವರೆಗೆ ಬಾಗಿಲು ತೆಗೆದರೆ ಚರಂಡಿ ವಾಸನೆ. ಬೀರುವಿನ ಹಿಂದೆ ಗೋಡೆ ಪೂರ್ತಿ ಬೂಷ್ಟು. ಅಡುಗೆಮನೆ ಸಿಂಕ್ ಕೆಳಗಿನ ಪೈಪ್ ಯಾವಾಗಿನಿಂದ ಸೋರುತ್ತಿತ್ತೋ, ಮರದ ಹಲಗೆ ಊದಿಕೊಂಡು ಹಪ್ಪಳದ ಹಾಗೆ ಆಗಿತ್ತು. ಇಬ್ಬರೂ ಕೋಟು ಬಿಚ್ಚದೇ ನೆಲ ಒರೆಸಿದೆವು. ವಿಮೆಯವರನ್ನು ಕೇಳಿದರೆ, "ನಿಗದಿತ ದಿನಗಳಿಗಿಂತ ಹೆಚ್ಚು ಕಾಲ ಮನೆ ಖಾಲಿ ಇತ್ತು, ಪರಿಹಾರ ಬರೋದಿಲ್ಲ" ಅಂದರು. ಪಾಲಿಸಿ ತೆಗೆದು ನೋಡಿದೆ. ಹೌದು, ಬರೆದಿದೆ. ಓದಿರಲಿಲ್ಲ, ಅಷ್ಟೇ.

ಹೀಗೆ ಮನೆ ಇಟ್ಟುಕೊಂಡಿರುವವರು ಹೇಗೆ ನಿಭಾಯಿಸ್ತೀರಿ? ಬೀಗ ಹಾಕಿ ಹೊರಡುವ ದಿನ ಏನೇನು ಮಾಡ್ತೀರಿ? ಕೀ ಯಾರ ಹತ್ತಿರ ಇರುತ್ತೆ? ಅಲ್ಲಿ ಎಷ್ಟು ದಿನ ಇರಬಹುದು ಅನ್ನೋ 90 ದಿನದ ಲೆಕ್ಕ, ತೆರಿಗೆ, ಇವೂ ನನಗೆ ಅರ್ಧಂಬರ್ಧ ಗೊತ್ತು. ಗೊತ್ತಿದ್ದಷ್ಟು ಹೇಳಿ.

ಬೀಗದ ಗೊಂಚಲು

ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ಚಳಿ ದೇಶದಲ್ಲಿ. ನಿಮ್ಮ ರಾತ್ರಿ ಓದುವಾಗ ನನ್ನ ಮೊದಲ ಎರಡು ವರ್ಷ ನೆನಪಾಯ್ತು.

ಎಲ್ಲಕ್ಕಿಂತ ಮೊದಲು ನೀರು. ಹೊರಡುವಾಗ ಮುಖ್ಯ ವಾಲ್ವ್ ಮುಚ್ಚಿ, ಆಮೇಲೆ ಎಲ್ಲ ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಹರಿದುಹೋಗಲು ಬಿಡಿ. ಹೆಪ್ಪುಗಟ್ಟುವ ಚಳಿ ಇರುವ ಕಡೆ ಇಷ್ಟು ಸಾಲದು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡ ಹಿಗ್ಗುತ್ತೆ, ಪೈಪ್ ಸೀಳುವುದು ಆಗ. ಸೀಳಿದ್ದು ಗೊತ್ತಾಗೋದು ಮಾತ್ರ ಮಂಜು ಕರಗಿದ ಮೇಲೆ, ಮನೆ ತುಂಬ ನೀರು ನಿಂತಾಗ. ಹಾಗಾಗಿ ಒಂದೋ ಹೀಟಿಂಗ್ ಕನಿಷ್ಠ ಮಟ್ಟದಲ್ಲಿ ಉರಿಯುತ್ತಿರಬೇಕು, ಇಲ್ಲವೇ ಇಡೀ ವ್ಯವಸ್ಥೆಯ ನೀರು ಬಸಿದಿರಬೇಕು. ವಾಟರ್ ಹೀಟರ್ ಬಸಿಯುವ ಮೊದಲು ಅದರ ಕರೆಂಟ್ ತೆಗೆಯಿರಿ, ನೀರಿಲ್ಲದ ಹೀಟರ್ ಚಾಲೂ ಆದರೆ ಕಾಯಿಲ್ ಸುಟ್ಟುಹೋಗುತ್ತೆ.

ನಿಮ್ಮ ಚರಂಡಿ ವಾಸನೆಗೆ ಕಾರಣ ಸಿಂಕ್ ಮತ್ತು ಬಚ್ಚಲಿನ ಕೆಳಗಿರುವ ಬಾಗಿದ ಪೈಪ್, ಅಂದರೆ ಟ್ರ್ಯಾಪ್. ಅದರಲ್ಲಿ ನಿಂತ ನೀರೇ ಚರಂಡಿ ಗಾಳಿಗೆ ಅಡ್ಡ. ತಿಂಗಳುಗಟ್ಟಲೆ ಯಾರೂ ನೀರು ಬಿಡದಿದ್ದರೆ ಅದು ಆರಿಹೋಗುತ್ತೆ, ಗಾಳಿ ಸೀದಾ ಮನೆಯೊಳಗೆ. ಹೊರಡುವಾಗ ಪ್ರತಿ ಕಿಂಡಿಗೂ ಒಂದು ಲೋಟ ನೀರು, ಮೇಲೆ ಎರಡು ಚಮಚ ಎಣ್ಣೆ. ಎಣ್ಣೆ ತೇಲುತ್ತಾ ನೀರು ಆವಿಯಾಗದ ಹಾಗೆ ತಡೆಯುತ್ತೆ. ಚಳಿಗೆ ಪೂರ್ತಿ ಬಸಿದ ಮನೆಯಾದರೆ ಟ್ರ್ಯಾಪಿನ ನೀರೂ ಹೆಪ್ಪುಗಟ್ಟುತ್ತೆ, ಅಲ್ಲಿ ಕೊಳಾಯಿ ವ್ಯವಸ್ಥೆಗೇ ಅಂತ ಮಾರುವ ವಿಷರಹಿತ ಆಂಟಿಫ್ರೀಜ್ ಸುರಿಯಬೇಕು. ಕಾರಿನದ್ದು ಬೇಡ.

ಬೂಷ್ಟಿನ ವಿಷಯ. ಒಳಗಿನ ತೇವಾಂಶ 60 ಶೇಕಡ ದಾಟಿ ಹಾಗೇ ನಿಂತರೆ ಅದು ಬರಲೇಬೇಕು, ನೀವು ಎಷ್ಟು ಉಜ್ಜಿ ತೊಳೆದರೂ ಅಷ್ಟೇ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಒಳಬಾಗಿಲು, ಬೀರು ಬಾಗಿಲು, ಡ್ರಾಯರ್ ಎಲ್ಲ ತೆರೆದಿಡಿ. ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ಇಡುವುದಾದರೆ ಅದರ ತೊಟ್ಟಿಯನ್ನು ನೆಚ್ಚಬೇಡಿ, ತೊಟ್ಟಿ ತುಂಬಿದ ದಿನ ಯಂತ್ರ ನಿಲ್ಲುತ್ತೆ. ಕೊಳವೆ ಹಾಕಿ ಸಿಂಕಿಗೆ ಬಿಡಿ.

ಫ್ರಿಜ್ ಖಾಲಿ ಮಾಡಿ, ಪ್ಲಗ್ ತೆಗೆದು, ಬಾಗಿಲು ಮುಚ್ಚಿಕೊಳ್ಳದ ಹಾಗೆ ಮಡಿಸಿದ ಟವೆಲ್ ಸಿಕ್ಕಿಸಿ. ಇದನ್ನು ಎಲ್ಲರೂ ಒಂದು ಸಲ ಮರೀತಾರೆ. ಎರಡನೇ ಸಲ ಯಾರೂ ಮರೆಯೋದಿಲ್ಲ.

ವಾಪಸ್ ಬಂದ ದಿನ ಸೀದಾ ಷವರ್ ಕೆಳಗೆ ನಿಲ್ಲಬೇಡಿ. ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯ ಬೆಳೆಯುತ್ತೆ, ಅದು ಸೂಕ್ಷ್ಮ ಹನಿಗಳ ಜೊತೆ ಉಸಿರಿನಲ್ಲಿ ಒಳಗೆ ಹೋಗಿ ನ್ಯುಮೋನಿಯ ತರಬಲ್ಲದು. ಹೀಟರ್ 60 ಡಿಗ್ರಿಗೆ ಕಾಯಲಿ. ಷವರ್ ತಲೆಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟು ಹನಿ ಸಿಡಿಯದ ಹಾಗೆ ಬಿಸಿ, ತಣ್ಣೀರು ಎರಡನ್ನೂ ಕೆಲವು ನಿಮಿಷ ಹರಿಸಿ, ಕಿಟಕಿ ತೆರೆದಿರಲಿ. ಅರವತ್ತು ದಾಟಿದವರು ಇದನ್ನು ಹಗುರವಾಗಿ ತಗೋಬಾರದು.

ಕುತೂಹಲಿ

ಇಷ್ಟೆಲ್ಲ ಯಾಕೆ ಸರ್? ಕ್ಯಾಮೆರಾ, ಸೆನ್ಸರ್ ಹಾಕಿದರೆ ಫೋನಿನಲ್ಲೇ ಎಲ್ಲ ಕಾಣುತ್ತಲ್ಲ?

ಬೀಗದ ಗೊಂಚಲು

ಕಾಣುತ್ತೆ. ನೀರು ಸೋರುತ್ತಿದೆ ಅಂತ ರಾತ್ರಿ ಮೂರು ಗಂಟೆಗೆ ಫೋನ್ ಹೇಳುತ್ತೆ, ನೀವು ಆರು ಸಾವಿರ ಕಿಲೊಮೀಟರ್ ಆಚೆ ಹಾಸಿಗೆಯಲ್ಲಿ ಎದ್ದು ಕೂತಿರ್ತೀರಿ. ಆಮೇಲೆ?

ಸೆನ್ಸರ್ ಬೇಡ ಅಂತಲ್ಲ, ನನ್ನ ಮನೆಯಲ್ಲೂ ಇವೆ. ಸೋರಿಕೆ ಗೊತ್ತಾದ ಕೂಡಲೇ ತಾನೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಿದರೆ ಅದು ನಿಜಕ್ಕೂ ಉಪಯೋಗ. ಆದರೆ ಇವೆಲ್ಲ ನಿಂತಿರೋದು ರೂಟರ್ ಮೇಲೆ, ರೂಟರ್ ಒಂದು ದಿನ ಸುಮ್ಮನೆ ಹ್ಯಾಂಗ್ ಆಗುತ್ತೆ. ಅದಕ್ಕೆ ಟೈಮರ್ ಪ್ಲಗ್ ಹಾಕಿ ವಾರಕ್ಕೊಂದು ಸಲ ಐದು ನಿಮಿಷ ಆರಿ ಹತ್ತುವ ಹಾಗೆ ಮಾಡಿದ್ದೀನಿ. ಮೇನ್ ಸ್ವಿಚ್ ತೆಗೆದು ಹೋಗುವವರಿಗಂತೂ ಸೆನ್ಸರಿನ ಮಾತೇ ಇಲ್ಲ.

ಕಡೆಗೆ ಬೇಕಾಗೋದು ಕೀ ಹಿಡಿದು ಬಾಗಿಲು ತೆರೆಯುವ ಒಬ್ಬ ಮನುಷ್ಯ. ಮನೆ ಕೊಳ್ಳುವ ಮೊದಲೇ ಹುಡುಕಬೇಕಾದ್ದು ಅವರನ್ನು, ಸೋಫಾವನ್ನಲ್ಲ. ನಮ್ಮಲ್ಲಿ ಪಕ್ಕದ ಬೀದಿಯ ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ತಿಂಗಳಿಗೆ ಎರಡು ಸಲ ಹೋಗ್ತಾರೆ, ನಲ್ಲಿ ಬಿಡ್ತಾರೆ, ಕಿಟಕಿ ತೆರೀತಾರೆ, ಟಪಾಲು ತೆಗೀತಾರೆ, ನಾಲ್ಕು ಫೋಟೊ ಕಳಿಸ್ತಾರೆ. ಅವರು ನನ್ನ ಸ್ನೇಹಿತರೇ ಹೌದು, ಆದರೂ ಸಂಬಳ ಕೊಡ್ತೀನಿ, ಕೊಡಲೇಬೇಕು. ಪುಕ್ಕಟೆ ನೋಡಿಕೊಳ್ಳುವವರಿಗೆ "ಯಾಕೆ ಹೋಗಲಿಲ್ಲ" ಅಂತ ಕೇಳೋಕೆ ಬಾಯಿ ಬರಲ್ಲ.

ಅವರಿಗೆ ಒಂದು ಹಾಳೆ ಬರೆದುಕೊಟ್ಟಿದ್ದೀನಿ. ವಾಲ್ವ್ ಎಲ್ಲಿದೆ ಅನ್ನೋದರ ಫೋಟೊ, ಪ್ಲಂಬರ್ ನಂಬರ್, ವಿಮೆ ಪಾಲಿಸಿ ನಂಬರ್, ನನ್ನನ್ನು ಕೇಳದೇ ಎಷ್ಟರ ತನಕ ಖರ್ಚು ಮಾಡಬಹುದು ಅನ್ನೋ ಮಿತಿ. ಆ ಮಿತಿ ಬರೆಯದಿದ್ದರೆ ತುರ್ತಿನಲ್ಲೂ ಅವರು ನಿಮ್ಮ ಫೋನಿಗೆ ಕಾಯ್ತಾರೆ, ಆ ಹೊತ್ತಿಗೆ ನೀವು ವಿಮಾನದಲ್ಲಿರ್ತೀರಿ. ಇನ್ನೊಂದು, ಕೀಲಿಗೆ ವಿಳಾಸದ ಚೀಟಿ ಕಟ್ಟಬೇಡಿ.

ವಿಮೆ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 30 ಅಥವಾ 60 ದಿನ ಸತತ ಖಾಲಿ ಇದ್ದರೆ ನೀರು, ಕಳವಿನ ಪರಿಹಾರಕ್ಕೆ ಕತ್ತರಿ ಬೀಳುತ್ತೆ. ಎರಡನೇ ಮನೆ ಅಂತಲೇ ಬರೆಸಿ ಪಾಲಿಸಿ ಮಾಡಿಸಿ. ಅದರಲ್ಲೂ ನೀರು ಮುಚ್ಚಿರಬೇಕು, ಇಷ್ಟು ದಿನಕ್ಕೊಮ್ಮೆ ಯಾರಾದರೂ ಬಂದು ನೋಡಿ ದಾಖಲಿಸಿರಬೇಕು ಅಂತೆಲ್ಲ ಷರತ್ತು ಇರಬಹುದು. ಆ ನಾಲ್ಕು ಫೋಟೊಗಳು ಬರೀ ಸಮಾಧಾನಕ್ಕಲ್ಲ, ತಾರೀಕಿನ ಸಮೇತ ಸಾಕ್ಷಿ.

ಲೆಕ್ಕದ ಪುಸ್ತಕ

90 ದಿನದ್ದು ನಾನು ಹೇಳ್ತೀನಿ, ಯಾಕಂದರೆ ಇದನ್ನು ತಪ್ಪಾಗಿ ಎಣಿಸುವವರೇ ಹೆಚ್ಚು.

ಷೆಂಗೆನ್‌ನಲ್ಲಿ ಈಗ 29 ದೇಶ. ಷೆಂಗೆನ್‌ನದ್ದಾಗಲಿ ಐರೋಪ್ಯ ಒಕ್ಕೂಟದ್ದಾಗಲಿ ಅಲ್ಲದ ಪಾಸ್‌ಪೋರ್ಟ್ ಇರುವವರು ಅಲ್ಪಾವಧಿಯಲ್ಲಿ ಯಾವುದೇ 180 ದಿನದೊಳಗೆ 90 ದಿನ ಮಾತ್ರ ಇರಬಹುದು. "ಯಾವುದೇ" ಅನ್ನೋ ಪದದಲ್ಲೇ ಎಲ್ಲ ಇದೆ. ಜನವರಿಯಿಂದ ಜೂನ್ ಅಂತ ವರ್ಷವನ್ನು ಎರಡು ಹೋಳು ಮಾಡೋದಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ಆ ದಿನವನ್ನು ಸೇರಿಸಿ ಹಿಂದಿನ 180 ದಿನ ತಿರುಗಿ ನೋಡಬೇಕು. ಬಂದ ದಿನ, ಹೊರಟ ದಿನ, ಎರಡೂ ಪೂರ್ತಿ ದಿನ ಅಂತಲೇ ಲೆಕ್ಕ.

ಉದಾಹರಣೆಗೆ ಅಧಿಕ ವರ್ಷವಲ್ಲದ ಒಂದು ವರ್ಷ ಜನವರಿ 1ರಂದು ಹೋಗಿ ಮಾರ್ಚ್ 1ರಂದು ಹೊರಟಿರಿ ಅನ್ನಿ. 60 ದಿನ ಆಯ್ತು. ಮೇ 1ಕ್ಕೆ ಮತ್ತೆ ಹೋದರೆ ಉಳಿದಿರೋದು 30 ದಿನ, ಅಂದರೆ ಮೇ 30ಕ್ಕೆ ಹೊರಗಿರಬೇಕು. "ಜೂನ್ 1 ಬಂತಲ್ಲ, ಹೊಸ ಲೆಕ್ಕ" ಅಂದರೆ ಸಿಕ್ಕಿಬೀಳ್ತೀರಿ. ಜನವರಿ 1 ಅನ್ನೋ ದಿನ ಆ 180 ದಿನದ ಕಿಟಕಿಯಿಂದ ಹೊರಗೆ ಬೀಳೋದು ಜೂನ್ 30ಕ್ಕೆ. ಆಮೇಲೆ ದಿನಕ್ಕೊಂದರ ಹಾಗೆ ನಿಮಗೆ ದಿನ ವಾಪಸ್ ಸಿಗುತ್ತಾ ಹೋಗುತ್ತೆ.

ಪಕ್ಕದ ಷೆಂಗೆನ್ ದೇಶಕ್ಕೆ ಎರಡು ದಿನ ಹೋಗಿ ಬಂದರೆ ಲೆಕ್ಕ ನಿಲ್ಲೋದಿಲ್ಲ. ಐರ್ಲೆಂಡ್ ವಲಯದಲ್ಲಿಲ್ಲ, ಅಲ್ಲಿ ಕಳೆದ ದಿನ ಇದಕ್ಕೆ ಸೇರಲ್ಲ. ಮನೆ ನಿಮ್ಮ ಹೆಸರಲ್ಲಿರೋದರಿಂದ ಒಂದೇ ಒಂದು ದಿನವೂ ಹೆಚ್ಚು ಸಿಗಲ್ಲ. ಹೆಚ್ಚು ದಿನ ಇರಬೇಕಾದರೆ ಆ ದೇಶದ ದೀರ್ಘಾವಧಿ ವೀಸಾ ಅಥವಾ ವಾಸದ ಪರವಾನಗಿ ಬೇಕು. ಅದರ ಮೇಲೆ ಅಲ್ಲಿ ಕಳೆದ ದಿನಗಳು 90ರಲ್ಲಿ ಎಣಿಕೆಯಾಗಲ್ಲ.

2025ರ ಅಕ್ಟೋಬರ್ 12ರಿಂದ ಇಇಎಸ್ ಅನ್ನೋ, ಷೆಂಗೆನ್ ಗಡಿಯಲ್ಲಿ ಬಂದವರನ್ನೂ ಹೋದವರನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಶುರುವಾಯ್ತು. ಮೊಹರಿನ ಬದಲು ಬೆರಳಚ್ಚು, ಮುಖದ ಫೋಟೊ. ಮುಂಚೆ ಅಧಿಕಾರಿ ಪುಟ ತಿರುವಿ ಮೊಹರು ಹುಡುಕಿ ಬೆರಳು ಮಡಿಸಿ ಎಣಿಸಬೇಕಿತ್ತು, ಈಗ ಯಂತ್ರವೇ ಎಣಿಸುತ್ತೆ.

ಎರಡೂರಿನವ

ಅಯ್ಯೋ. ನಾನು ವಲಯದಿಂದ ಒಂದು ಸಲ ಹೊರಗೆ ಕಾಲಿಟ್ಟರೆ ಮೀಟರ್ ಸೊನ್ನೆಗೆ ಬರುತ್ತೆ ಅಂದುಕೊಂಡಿದ್ದೆ. ಇಷ್ಟು ದಿನ ತಪ್ಪು ಮಾಡದೇ ಉಳಿದದ್ದು ಬರೀ ರಜೆ ಸಿಗದ ಪುಣ್ಯದಿಂದ. ತೆರಿಗೆಯದ್ದೂ ಹೇಳಿಬಿಡಿ, ಒಟ್ಟಿಗೇ ಬೈಸಿಕೊಳ್ತೀನಿ.

ಲೆಕ್ಕದ ಪುಸ್ತಕ

ಬೈಯಲ್ಲ. ಮನೆ ಬಾಡಿಗೆಗೆ ಕೊಡದಿದ್ದರೆ ಆದಾಯ ಇಲ್ಲ, ಆದಾಯ ಇಲ್ಲದಿದ್ದರೆ ಆದಾಯ ತೆರಿಗೆ ಇಲ್ಲ ಅನ್ನೋದು ಸಹಜವಾದ ನಂಬಿಕೆ. ಸ್ಪೇನ್ ಅದನ್ನು ಒಪ್ಪೋದಿಲ್ಲ. ಅಲ್ಲಿ ವಾಸ ಮಾಡದ ಮಾಲೀಕ ಮನೆಯನ್ನು ಸುಮ್ಮನೆ ಬೀಗ ಹಾಕಿಟ್ಟರೂ ಸರ್ಕಾರಿ ದಾಖಲೆ ಮೌಲ್ಯದ 1.1 ಅಥವಾ 2 ಶೇಕಡವನ್ನು ಕಾಲ್ಪನಿಕ ಆದಾಯ ಅಂತ ಹಿಡಿದು ಅದರ ಮೇಲೆ ತೆರಿಗೆ ಹಾಕ್ತಾರೆ. ಐರೋಪ್ಯ ಒಕ್ಕೂಟದ ಹೊರಗಿನ ಬಹುತೇಕರಿಗೆ ದರ 24 ಶೇಕಡ. ಇದಕ್ಕೆ ಮನೆಗೆ ಬಿಲ್ ಬರಲ್ಲ, ನಾವೇ ಫಾರಂ ತುಂಬಬೇಕು. ವರ್ಷಗಟ್ಟಲೆ ಗೊತ್ತೇ ಇಲ್ಲದವರಿದ್ದಾರೆ.

ಫ್ರಾನ್ಸ್ 2023ರಿಂದ ಸ್ವಂತ ವಾಸದ ಮನೆಗಳಿಗೆ ನಿವಾಸ ತೆರಿಗೆ ತೆಗೆದುಹಾಕಿತು, ಎರಡನೇ ಮನೆಗಳಿಗೆ ಉಳಿಸಿಕೊಂಡಿತು. ಮನೆ ಅಭಾವ ಇರುವ ಊರುಗಳ ಪುರಸಭೆಗಳು ಅದರ ಮೇಲೆ 60 ಶೇಕಡದ ತನಕ ಹೆಚ್ಚುವರಿ ಹೇರಬಹುದು. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಿಂದ ಎರಡನೇ ಮನೆಗೆ ಕೌನ್ಸಿಲ್ ತೆರಿಗೆಯನ್ನು (ಅಲ್ಲಿನ ಸ್ಥಳೀಯ ಮನೆ ತೆರಿಗೆ) ದುಪ್ಪಟ್ಟು ಮಾಡುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಬಂತು. ವೇಲ್ಸ್‌ನಲ್ಲಿ ಇನ್ನೂ ಬಿರುಸು, 300 ಶೇಕಡದ ತನಕ ಹೆಚ್ಚುವರಿ. ಗಾಳಿ ಯಾವ ಕಡೆ ಬೀಸ್ತಿದೆ ಅಂತ ಇದರಲ್ಲೇ ಗೊತ್ತಾಗುತ್ತೆ. ಸ್ಥಳೀಯರಿಗೆ ಮನೆ ಸಿಗದ ಊರಿನಲ್ಲಿ ವರ್ಷದಲ್ಲಿ ಹತ್ತು ತಿಂಗಳು ಕತ್ತಲಾಗಿರುವ ಕಿಟಕಿಗಳನ್ನು ಕಂಡರೆ ಯಾರಿಗೂ ಪ್ರೀತಿ ಉಕ್ಕಲ್ಲ, ಅದು ಅವರ ತಪ್ಪೂ ಅಲ್ಲ.

183 ದಿನದ ಬಗ್ಗೆ ಒಂದು ಮಾತು. "183 ದಿನ ದಾಟದಿದ್ದರೆ ಅಲ್ಲಿನ ತೆರಿಗೆ ನಿವಾಸಿ ಅಲ್ಲ" ಅನ್ನೋದು ಅರ್ಧ ಸತ್ಯ. ಎರಡೂ ದೇಶ ನಿಮ್ಮನ್ನು ತಮ್ಮ ನಿವಾಸಿ ಅಂದಾಗ, ಒಇಸಿಡಿ (ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಮಾದರಿಯ ತೆರಿಗೆ ಒಪ್ಪಂದಗಳು ಮೊದಲು ಕೇಳೋದು ದಿನಗಳನ್ನಲ್ಲ, ನಿಮಗೆ ಕಾಯಂ ಮನೆ ಎಲ್ಲಿದೆ ಅಂತ. ಎರಡೂ ಕಡೆ ಇದ್ದರೆ ಬದುಕಿನ, ಹಣದ ನಂಟು ಎಲ್ಲಿ ಗಟ್ಟಿ ಅಂತ. ಅದೂ ಇತ್ಯರ್ಥ ಆಗದಿದ್ದರೆ ವಾಡಿಕೆಯಾಗಿ ಎಲ್ಲಿರ್ತೀರಿ ಅಂತ, ಆಮೇಲೆ ಪೌರತ್ವ. ಪರದೇಶದ ಮನೆ ವರ್ಷಪೂರ್ತಿ ನಿಮ್ಮ ಕೈಯಲ್ಲೇ ಇದೆ ಅನ್ನೋದೇ ಒಂದು ಸಾಕ್ಷಿ. ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಸಿಆರ್‌ಎಸ್ ಅನ್ನೋ ಅಂತರರಾಷ್ಟ್ರೀಯ ಏರ್ಪಾಡಿನ ಅಡಿ ಬ್ಯಾಂಕ್ ಖಾತೆಗಳ ಮಾಹಿತಿ ತಂತಾನೇ ಹಂಚಿಕೊಳ್ತವೆ. ಅಲ್ಲಿನ ಖಾತೆ ಇಲ್ಲಿಗೆ ಕಾಣಲ್ಲ ಅನ್ನೋ ಕಾಲ ಹೋಯ್ತು.

ಮಾರಿ ಬಂದವಳು

ನಾನು ಸ್ವಲ್ಪ ಅಪಸ್ವರ ಹಾಡ್ತೀನಿ, ಕ್ಷಮಿಸಿ.

ಒಂಬತ್ತು ವರ್ಷ ಇಟ್ಟುಕೊಂಡಿದ್ದೆವು, ಸ್ಪೇನ್‌ನಲ್ಲಿ. ಹೋದ ಮೊದಲ ನಾಲ್ಕು ದಿನ ಮನೆ ಎಬ್ಬಿಸೋದು, ಕೊನೆಯ ಮೂರು ದಿನ ಮನೆ ಮಲಗಿಸೋದು. ಎರಡು ವಾರದ ರಜೆಯಲ್ಲಿ ಉಳಿದದ್ದು ಒಂದು ವಾರ. ಆ ವಾರದಲ್ಲೂ ಪ್ಲಂಬರ್ "ನಾಳೆ ಬರ್ತೀನಿ" ಅಂದಿದ್ದರೆ ಹೊರಗೆ ಹೋಗೋ ಹಾಗಿಲ್ಲ. ಜಗತ್ತಿನಲ್ಲಿ ಇನ್ನೆಷ್ಟೋ ಊರಿದ್ದವು, ನಾವು ಒಂಬತ್ತು ವರ್ಷ ಅದೇ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಮಕ್ಕಳು ಹದಿನೈದು ದಾಟಿದ ಮೇಲೆ "ಮತ್ತೆ ಅಲ್ಲಿಗಾ?" ಅಂದರು.

ಮಾರೋದೂ ಸಲೀಸಲ್ಲ. ಅಲ್ಲಿ ವಾಸ ಮಾಡದವರು ಮಾರಿದರೆ ಕೊಳ್ಳುವವರು ಬೆಲೆಯಲ್ಲಿ 3 ಶೇಕಡ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಲಾಭದ ಲೆಕ್ಕ ಸಲ್ಲಿಸಿ, ಹೆಚ್ಚಾಗಿದ್ದರೆ ಆಮೇಲೆ ವಾಪಸ್ ಕೇಳಬೇಕು. ಅಮೆರಿಕದಲ್ಲಿ ಮಾರಿದ ನನ್ನ ಭಾವನವರಿಗೆ ಹಿಡಿದದ್ದು 15 ಶೇಕಡ, ಅದೂ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ಆ ದುಡ್ಡು ನಂಬಿ ಇನ್ನೊಂದು ಕಡೆ ಮುಂಗಡ ಕೊಟ್ಟಿದ್ದರು, ಪಾಪ.

ಇನ್ನು ವಿನಿಮಯ ದರ. ಅಲ್ಲಿನ ಕರೆನ್ಸಿಯಲ್ಲಿ ನಮಗೆ ಲಾಭವೇ ಆಗಿತ್ತು. ನಮ್ಮ ಕರೆನ್ಸಿಗೆ ತಿರುಗಿಸಿ, ಒಂಬತ್ತು ವರ್ಷದ ಸೊಸೈಟಿ ಶುಲ್ಕ, ವಿಮೆ, ತೆರಿಗೆ, ಟಿಕೆಟ್ ಕಳೆದು ನೋಡಿದೆ. ಪ್ರತಿ ವರ್ಷ ಒಳ್ಳೇ ಜಾಗದಲ್ಲಿ ಮನೆ ಬಾಡಿಗೆಗೆ ಹಿಡಿದು ಹಾಯಾಗಿ ಇರಬಹುದಿತ್ತು.

ಬೀಗದ ಗೊಂಚಲು

ನಿಮ್ಮ ಲೆಕ್ಕ ಸರಿ ತಾಯಿ, ಅದನ್ನು ನಾನು ಅಲ್ಲಗಳೆಯಲ್ಲ. ದುಡ್ಡಿನ ಲೆಕ್ಕದಲ್ಲಿ ಗೆಲ್ಲೋಕೆ ಅಂತ ಯಾರಾದರೂ ಪರದೇಶದಲ್ಲಿ ರಜಾಮನೆ ಕೊಂಡರೆ ಬೇಡ ಅಂತಲೇ ಹೇಳ್ತೀನಿ. ನನಗೆ ಆ ಹಾರ್ಡ್‌ವೇರ್ ಅಂಗಡಿಯವನು ಹೆಸರು ಹಿಡಿದು ಕರೆಯೋದೇ ಖುಷಿ. ಪ್ರವಾಸಿಯಾಗಿ ಹೋದವರನ್ನು ಯಾರೂ "ಈ ಸಲ ತಡ ಮಾಡಿದ್ರಿ" ಅನ್ನಲ್ಲ. ವಿಚಿತ್ರ ಆಸೆ, ಒಪ್ಪಿಕೊಳ್ತೀನಿ.

ಮಾರಿ ಬಂದವಳು

ಅದು ಗಂಡಸರ ಖುಷಿ ಸ್ವಾಮಿ. ಹಾಸಿಗೆ ಹೊದಿಕೆ ಒಗೆದು ಒಣಗಿಸಿ ಮಡಿಸಿಟ್ಟು ಹೊರಡೋದು ಯಾರು ಅಂತ ನಿಮ್ಮ ಮನೆಯವರನ್ನೂ ಇಲ್ಲಿ ಬರೆಯೋಕೆ ಹೇಳಿ. 🙂

ಕುತೂಹಲಿ

ಖಾಲಿ ಇರುವಾಗ ದಿನದ ಬಾಡಿಗೆಗೆ ಕೊಟ್ಟರೆ ಖರ್ಚಾದರೂ ಹುಟ್ಟುತ್ತಲ್ಲ?

ಲೆಕ್ಕದ ಪುಸ್ತಕ

ಐದು ವರ್ಷ ಹಿಂದೆ ಕೇಳಿದ್ದರೆ ಹೂಂ ಅಂತಿದ್ದೆ. ಸ್ಪೇನ್‌ನಲ್ಲಿ 2025ರ ಏಪ್ರಿಲ್ 3ರಿಂದ ಹೊಸದಾಗಿ ಪ್ರವಾಸಿ ಬಾಡಿಗೆ ಶುರುಮಾಡಬೇಕಾದರೆ ಕಟ್ಟಡದ ಮಾಲೀಕರ ಸಂಘದಲ್ಲಿ ಐದರಲ್ಲಿ ಮೂರು ಪಾಲು ಒಪ್ಪಿಗೆ ಬೇಕು. ಅದೇ ವರ್ಷ ಜುಲೈ 1ರಿಂದ ನೋಂದಣಿ ಸಂಖ್ಯೆ ಇಲ್ಲದೇ ಆನ್‌ಲೈನ್ ವೇದಿಕೆಗಳಲ್ಲಿ ಜಾಹೀರಾತು ಹಾಕುವ ಹಾಗಿಲ್ಲ ಅಂತ ನಿಯಮ ಬಂತು. ಬಾರ್ಸಿಲೋನಾ ನಗರ 2028ರ ಕೊನೆಯೊಳಗೆ ಪ್ರವಾಸಿ ಫ್ಲ್ಯಾಟ್ ಪರವಾನಗಿಗಳನ್ನೇ ನಿಲ್ಲಿಸುವ ತೀರ್ಮಾನ ಹೇಳಿದೆ. ಬೇರೆ ಕಡೆಯೂ ನಿಯಮ ಬಿಗಿಯಾಗ್ತಿದೆ. ಬಾಡಿಗೆ ಬರುತ್ತೆ ಅನ್ನೋ ಲೆಕ್ಕದ ಮೇಲೆ ಸಾಲ ಮಾಡಿ ಕೊಳ್ಳಬೇಡಿ, ಬಂದರೆ ಬರಲಿ.

ವಿಮೆಯವರಿಗೆ ತಿಳಿಸದೇ ಬಾಡಿಗೆಗೆ ಕೊಟ್ಟರೆ ಆ ಪಾಲಿಸಿ ಕಾಗದವಷ್ಟೇ.

ಹಳೇ ಸೂಟ್‌ಕೇಸ್

ಎಲ್ಲರೂ ಮನೆಯ ಬಗ್ಗೆಯೇ ಮಾತಾಡ್ತಿದ್ದೀರಿ, ಹೋಗಿ ಬರೋದರ ಬಗ್ಗೆ ಯಾರೂ ಹೇಳಲಿಲ್ಲ.

ನನ್ನ ಒಂದೇ ಕಟ್ಟುನಿಟ್ಟಿನ ನಿಯಮ: ಆ ಮನೆಗೆ ಕತ್ತಲಾದ ಮೇಲೆ ತಲುಪೋದಿಲ್ಲ. ಅಗ್ಗದ ಟಿಕೆಟ್ ರಾತ್ರಿ ಇಳಿಯುತ್ತೆ, ಹೌದು. ಆದರೆ ಫ್ಯೂಸ್ ಹೋಗಿದ್ದರೆ, ಬೀಗ ತುಕ್ಕು ಹಿಡಿದಿದ್ದರೆ, ಮೇಲಿನ ಮನೆಯಿಂದ ನೀರು ಇಳಿದಿದ್ದರೆ ಮಧ್ಯಾಹ್ನ ಎರಡು ಗಂಟೆಗೆ ಯಾರಾದರೂ ಸಿಗ್ತಾರೆ. ರಾತ್ರಿಯೇ ಇಳಿಯಬೇಕಾದರೆ ಆ ಒಂದು ರಾತ್ರಿ ಹೋಟೆಲ್ಲಿನಲ್ಲಿ ಮಲಗಿ. ಎರಡೂರಿನವ ಅವರ ಕಥೆ ಓದಿದ ಮೇಲೂ ಇದನ್ನು ದುಂದು ಅಂತೀರಾ?

ರಜಾ ಊರುಗಳ ಸಣ್ಣ ವಿಮಾನ ನಿಲ್ದಾಣಗಳಿಗೆ ನೇರ ವಿಮಾನ ಹೆಚ್ಚಾಗಿ ಋತುವಿನಲ್ಲಿ ಮಾತ್ರ. ಬೇಸಿಗೆಯಲ್ಲಿ ಮನೆ ನೋಡಲು ಹೋದಾಗ ಎರಡು ಗಂಟೆಯ ದಾರಿ, ಚಳಿಗಾಲದಲ್ಲಿ ಎರಡು ವಿಮಾನ ಒಂದು ರೈಲು. ಕೊಳ್ಳುವ ಮೊದಲು ಆ ಊರಿನ ಅತಿ ಕೆಟ್ಟ ತಿಂಗಳಲ್ಲಿ ಒಂದು ಸಲ ಹೋಗಿ ಬನ್ನಿ.

ಸಾಮಾನು ಹೊರಬೇಡಿ. ಚಾರ್ಜರ್, ಹೆಚ್ಚುವರಿ ಕನ್ನಡಕ, ಚಪ್ಪಲಿ, ಛತ್ರಿ, ಬೆಚ್ಚಗಿನ ಒಂದು ಅಂಗಿ ಅಲ್ಲೇ ಒಂದು ಜೊತೆ ಇರಲಿ. ಅಲ್ಲಿ ಏನೇನಿದೆ ಅನ್ನೋ ಪಟ್ಟಿ ಫೋನಿನಲ್ಲಿರಲಿ, ಇಲ್ಲದಿದ್ದರೆ ನಾಲ್ಕು ಕ್ಯಾನ್ ಓಪನರ್ ಆಗ್ತವೆ, ಒಂದೂ ಕತ್ತರಿ ಇರಲ್ಲ. ಔಷಧಿ ಮಾತ್ರ ಅಲ್ಲಿ ಬಿಡಬೇಡಿ. ಮುಚ್ಚಿದ ಮನೆಯ ಬಿಸಿಲು, ತೇವದಲ್ಲಿ ಕೆಡುತ್ತೆ. ಕೈಚೀಲದಲ್ಲೇ ಒಯ್ಯಿರಿ, ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಔಷಧಿಯ ಹೆಸರೂ ಇರಲಿ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ, 100 ವ್ಯಾಟ್ ಅವರ್ ದಾಟಿದ್ದರೆ ವಿಮಾನದವರ ಅನುಮತಿ ಬೇಕು.

ಷೆಂಗೆನ್‌ಗೆ ಹೋಗುವವರ ಪಾಸ್‌ಪೋರ್ಟ್ ಅಲ್ಲಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಕೊಟ್ಟು ಹತ್ತು ವರ್ಷದೊಳಗಿರಬೇಕು. "ಎಲ್ಲಿ ಇರ್ತೀರಿ" ಅಂತ ಕೇಳಿದರೆ "ನನ್ನ ಮನೆ" ಅನ್ನೋದು ಉತ್ತರ ಅಲ್ಲ. ಕ್ರಯಪತ್ರದ ನಕಲು ಅಥವಾ ಈಚಿನ ಮನೆ ತೆರಿಗೆ ರಸೀದಿ, ಜೊತೆಗೆ ವಾಪಸ್ ಟಿಕೆಟ್ ಕೈಯಲ್ಲಿರಲಿ.

ಆಮೇಲೆ ಒಟಿಪಿ ಅನ್ನೋ ಪೀಡೆ. ಅಲ್ಲಿನ ಬ್ಯಾಂಕಿನ ಒಟಿಪಿ ಅಲ್ಲಿನ ಸಿಮ್‌ಗೆ ಬರುತ್ತೆ. ಬಳಸದ ಪ್ರೀಪೇಡ್ ಸಿಮ್ ಕೆಲವು ತಿಂಗಳಿಗೆ ಸತ್ತುಹೋಗುತ್ತೆ, ನಂಬರ್ ಇನ್ನೊಬ್ಬರಿಗೆ ಹೋಗುತ್ತೆ. ನಾನು ಹೀಗೆ ನಂಬರ್ ಕಳಕೊಂಡು, ಬ್ಯಾಂಕಿಗೆ ಹೊಸ ನಂಬರ್ ಕೊಡೋಕೆ ಹಳೇ ನಂಬರಿಗೇ ಬರುವ ಒಟಿಪಿ ಬೇಕು ಅಂತಾಗಿ, ಅದಕ್ಕೋಸ್ಕರ ಒಂದು ಪ್ರಯಾಣ ಮಾಡಿದ್ದೀನಿ. ಈಗ ಎರಡು ಸಿಮ್ ಫೋನು, ತಿಂಗಳ ಮೊದಲ ತಾರೀಕು ಆ ನಂಬರಿನಿಂದ ಒಂದು ಮೆಸೇಜ್.

ಮಗಳ ಪಾಲು

ಇಷ್ಟು ದಿನ ಓದ್ತಾ ಮಾತ್ರ ಇದ್ದೆ. ಒಂದು ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತಬೇಕು.

ಅಪ್ಪನಿಗೆ ಪರದೇಶದಲ್ಲಿ ಒಂದು ಸಣ್ಣ ಮನೆ ಇತ್ತು. ಅದಕ್ಕೆ ಅಂತ ಆ ದೇಶದಲ್ಲೇ ನೋಟರಿ ಮುಂದೆ ಉಯಿಲು ಮಾಡಿದ್ದರು. ಐದಾರು ವರ್ಷದ ನಂತರ ತಾಯ್ನಾಡಿನ ಆಸ್ತಿಗೆ ಇನ್ನೊಂದು ಉಯಿಲು ಬರೆಸಿದರು. ಅದರ ಮೊದಲ ಸಾಲಿನಲ್ಲೇ ವಕೀಲರ ರೂಢಿಯ ಮಾತು: "ಈ ಹಿಂದೆ ನಾನು ಮಾಡಿರುವ ಎಲ್ಲ ಉಯಿಲುಗಳನ್ನು ಈ ಮೂಲಕ ರದ್ದುಪಡಿಸಿದ್ದೇನೆ." ಆ ಒಂದು ಸಾಲು ಪರದೇಶದ ಉಯಿಲನ್ನೂ ಅಳಿಸಿಹಾಕಿತು. ಅಪ್ಪನಿಗೆ ಅದು ಗೊತ್ತಿರಲಿಲ್ಲ ಅನ್ನೋದು ಮನೆಯವರಿಗೆಲ್ಲ ಗೊತ್ತು. ಕಾಗದಕ್ಕೆ ಗೊತ್ತಿರಲಿಲ್ಲ.

ಅವರು ತೀರಿಕೊಂಡ ಮೇಲೆ ಅಲ್ಲಿನ ಬ್ಯಾಂಕ್ ಖಾತೆ ತಡೆಹಿಡಿದರು. ಆಟೊ ಡೆಬಿಟ್ ಎಲ್ಲ ನಿಂತವು. ಕರೆಂಟ್ ಹೋಯ್ತು, ಕಟ್ಟಡದ ಶುಲ್ಕ ಬಾಕಿ ಬಿತ್ತು, ವಿಮೆ ಕಂತು ತಪ್ಪಿತು. ಮನೆ ಯಾರದೂ ಅಲ್ಲದ ಹದಿನಾಲ್ಕು ತಿಂಗಳು ಅದರ ಖರ್ಚು ಮಾತ್ರ ನಮ್ಮದೇ ಆಗಿತ್ತು. ಮರಣ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ಕಾಗದ ಅಸಲಿ ಅಂತ ಪರದೇಶಕ್ಕಾಗಿ ಸರ್ಕಾರ ಹಾಕುವ ದೃಢೀಕರಣ), ಅದರ ಅಧಿಕೃತ ಅನುವಾದ, ನನ್ನ ಜನನ ಪತ್ರದಲ್ಲಿ ಅಪ್ಪನ ಹೆಸರು ಒಂದು ಥರ, ಕ್ರಯಪತ್ರದಲ್ಲಿ ಇನ್ನೊಂದು ಥರ ಇದ್ದದ್ದಕ್ಕೆ ಪ್ರಮಾಣಪತ್ರ. ಅಮ್ಮನಿಗೆ ಅಲ್ಲಿಗೆ ಹೋಗುವ ಶಕ್ತಿ ಇರಲಿಲ್ಲ, ಪವರ್ ಆಫ್ ಅಟಾರ್ನಿ ಮಾಡಿಸಿದೆವು, ಅದಕ್ಕೂ ಅಪೊಸ್ಟಿಲ್.

ಹಾಗಾಗಿ ಎರಡು ದೇಶದಲ್ಲಿ ಎರಡು ಉಯಿಲು ಇದ್ದರೆ, ಇದು ಇಂಥ ದೇಶದ ಆಸ್ತಿಗೆ ಮಾತ್ರ, ಇನ್ನೊಂದನ್ನು ಇದು ರದ್ದು ಮಾಡಲ್ಲ ಅಂತ ಎರಡರಲ್ಲೂ ಬರೆಸಿ. ಇಬ್ಬರು ವಕೀಲರೂ ಪರಸ್ಪರರ ಕರಡು ನೋಡಲಿ. ಇನ್ನು, ಈಗಲೇ, ಎಲ್ಲರೂ ಗಟ್ಟಿಯಾಗಿರುವಾಗ, ಹೆಸರಿನ ಅಕ್ಷರ ಎಲ್ಲ ಕಾಗದದಲ್ಲೂ ಒಂದೇ ಆಗಿದೆಯಾ ನೋಡಿ.

ಲೆಕ್ಕದ ಪುಸ್ತಕ

ಇದಕ್ಕಿಂತ ಮುಖ್ಯವಾದ್ದು ಈ ಪುಟದಲ್ಲಿ ಇನ್ನೊಂದಿಲ್ಲ. ಬರೆದದ್ದಕ್ಕೆ ಧನ್ಯವಾದ ತಂಗಿ.

ಒಂದು ಸೇರಿಸ್ತೀನಿ. 2015ರ ಆಗಸ್ಟ್ 17ರಿಂದ, ಡೆನ್ಮಾರ್ಕ್ ಮತ್ತು ಐರ್ಲೆಂಡ್ ಬಿಟ್ಟು ಉಳಿದ ಐರೋಪ್ಯ ಒಕ್ಕೂಟದಲ್ಲಿ, ವಾರಸುದಾರಿಕೆಗೆ ಸಾಮಾನ್ಯವಾಗಿ ಸತ್ತವರು ಕೊನೆಗೆ ವಾಸವಿದ್ದ ದೇಶದ ಕಾನೂನು ಅನ್ವಯ. ಆದರೆ ನನ್ನ ಪೌರತ್ವದ ದೇಶದ ಕಾನೂನೇ ಇರಲಿ ಅಂತ ಉಯಿಲಿನಲ್ಲಿ ಸ್ಪಷ್ಟವಾಗಿ ಆಯ್ದುಕೊಳ್ಳಬಹುದು. ಮಕ್ಕಳಿಗೆ ಇಂತಿಷ್ಟು ಪಾಲು ಕಡ್ಡಾಯ ಅನ್ನುವ ದೇಶಗಳಲ್ಲಿ ಈ ಒಂದು ಸಾಲಿಗೆ ಬಹಳ ಬೆಲೆ. ತೆರಿಗೆ ಬೇರೆ ವಿಷಯ, ಅದು ಈ ಆಯ್ಕೆಗೆ ಬಗ್ಗಲ್ಲ. ಅಮೆರಿಕದಲ್ಲಿ ಮನೆ ಇರುವ, ಆದರೆ ಅಲ್ಲಿನ ಪೌರರೂ ನಿವಾಸಿಗಳೂ ಅಲ್ಲದವರಿಗೆ ಎಸ್ಟೇಟ್ ತೆರಿಗೆಯ (ಸತ್ತವರ ಆಸ್ತಿಯ ಮೇಲೆ ಹಾಕುವ ತೆರಿಗೆ) ವಿನಾಯಿತಿ 60,000 ಡಾಲರ್ ಅಷ್ಟೇ, ಒಪ್ಪಂದ ಇದ್ದರೆ ಬೇರೆ ಮಾತು.

ಕುತೂಹಲಿ

ಇಷ್ಟೆಲ್ಲ ಓದಿದ ಮೇಲೂ ಕೊಳ್ಳೋ ಆಸೆ ಹೋಗಿಲ್ಲ, ನಗಬೇಡಿ. ಯಾವ ದೇಶದಲ್ಲಾದರೂ ವಿದೇಶಿಯರು ಕೊಳ್ಳಬಹುದಾ?

ಲೆಕ್ಕದ ಪುಸ್ತಕ

ಎಲ್ಲ ಕಡೆ ಆಗಲ್ಲ. ಥಾಯ್ಲೆಂಡಿನಲ್ಲಿ ವಿದೇಶಿಯರಿಗೆ ಸಾಮಾನ್ಯವಾಗಿ ನೆಲ ಕೊಳ್ಳೋ ಹಕ್ಕಿಲ್ಲ. ಕಾಂಡೋ, ಅಂದರೆ ಕಟ್ಟಡದೊಳಗಿನ ಫ್ಲ್ಯಾಟ್, ಕೊಳ್ಳಬಹುದು, ಅದೂ ಕಟ್ಟಡದ ಒಟ್ಟು ಮಾರಾಟ ಜಾಗದಲ್ಲಿ ವಿದೇಶಿಯರ ಪಾಲು 49 ಶೇಕಡ ದಾಟದಿದ್ದರೆ. ಮೆಕ್ಸಿಕೋದಲ್ಲಿ ಕಡಲಿನಿಂದ 50, ಗಡಿಯಿಂದ 100 ಕಿಲೊಮೀಟರ್ ಒಳಗಿನ ಮನೆಯನ್ನು ಬ್ಯಾಂಕಿನ ಟ್ರಸ್ಟ್ ಹೆಸರಲ್ಲಿ ಇಡಬೇಕು, ಅವಧಿ 50 ವರ್ಷ, ನವೀಕರಿಸಬಹುದು. ನ್ಯೂಜಿಲೆಂಡ್ 2018ರಲ್ಲಿ ಬಹುತೇಕ ವಿದೇಶಿಯರಿಗೆ ಬಾಗಿಲು ಹಾಕಿತು. ಕೆನಡಾ 2023ರಿಂದ ತಡೆದಿದೆ. ಆಸ್ಟ್ರೇಲಿಯ ಹಳೇ ಮನೆಗಳ ಮಟ್ಟಿಗೆ 2025ರ ಏಪ್ರಿಲ್‌ನಿಂದ ಎರಡು ವರ್ಷಕ್ಕೆ ಅಂತ ತಡೆ ಹಾಕಿತು. ಸ್ವಿಟ್ಜರ್ಲೆಂಡ್ ಜನ 2012ರಲ್ಲಿ ಮತ ಹಾಕಿ, ಯಾವ ಊರಿನಲ್ಲೂ ಎರಡನೇ ಮನೆಗಳು 20 ಶೇಕಡ ಮೀರಬಾರದು ಅಂದರು.

ಮನೆ ಕೊಂಡರೆ ವಾಸದ ಪರವಾನಗಿ ಉಚಿತ ಅಂತ ಹೇಳುವ ದಲ್ಲಾಳಿಗಳ ಮಾತು ಹಳತಾಗಿದೆ. ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರಲ್ಲಿ ಮನೆಯ ಮೇಲಿನ ಗೋಲ್ಡನ್ ವೀಸಾ ನಿಲ್ಲಿಸಿದವು. ಕೊಳ್ಳುವ ಮೊದಲು ಮಾರುವವರಿಗೂ ದಲ್ಲಾಳಿಗೂ ಸಂಬಂಧವಿಲ್ಲದ, ನೀವೇ ದುಡ್ಡು ಕೊಟ್ಟ ವಕೀಲರೊಬ್ಬರನ್ನು ಹಿಡಿಯಿರಿ. ನಿಮ್ಮ ದೇಶದಿಂದ ಹಣ ಹೊರಗೆ ಕಳಿಸುವ ಮಿತಿಯನ್ನೂ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ, ಆಮೇಲಲ್ಲ.

ಎರಡೂರಿನವ

ಐದು ತಿಂಗಳಾದ ಮೇಲೆ ಬರೀತಿದ್ದೀನಿ, ಈಗ ಆ ಮನೆಯಲ್ಲೇ ಕೂತು. ಬಂದದ್ದು ಮಧ್ಯಾಹ್ನ ಒಂದೂವರೆಗೆ, ಸೂಟ್‌ಕೇಸ್ ಅವರಿಗೆ ವಂದನೆ.

ಹೋದ ಸಲ ಹೊರಡುವ ಮುಂಚೆ ಕೆಳಗಿನ ಮಹಡಿಯ ಅಜ್ಜಿಯ ಜೊತೆ ಮಾತಾಡಿದೆ. ಅವರ ಮಗಳು ಹದಿನೈದು ದಿನಕ್ಕೊಮ್ಮೆ ನೋಡಿಕೊಳ್ತಾಳೆ, ಸಂಬಳದ ಮೇಲೆ. ನಮಗೆ ಬರುವ ಅವರ ಭಾಷೆ ನಲವತ್ತು ಪದ, ಅದರಲ್ಲಿ "ವಾಲ್ವ್" ಈಗ ಸೇರಿದೆ. ವಾಲ್ವ್ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿತ್ತು, ಮೂರು ವರ್ಷ ಅದರ ಮುಂದೆಯೇ ಓಡಾಡಿದ್ದೀವಿ. ವಿಮೆ ಬದಲಾಯಿಸಿದೆ, ಈ ಸಲ ಪೂರ್ತಿ ಓದಿ. ಟ್ರ್ಯಾಪಿಗೆ ಎಣ್ಣೆ ಹಾಕಿದ್ದೆ, ವಾಸನೆ ಇಲ್ಲ. ಬೀರು ಹಿಂದೆ ಬೂಷ್ಟು ಒಂದು ಅಂಗೈ ಅಗಲ ಇದೆ, ಹೋದ ಸಲಕ್ಕೆ ಹೋಲಿಸಿದರೆ ಏನೂ ಅಲ್ಲ. ತೆರಿಗೆಯ ಹಳೇ ಬಾಕಿಗೆ ಲೆಕ್ಕಿಗರನ್ನು ಹಿಡಿದಿದ್ದೀನಿ. ಉಯಿಲು ಇನ್ನೂ ಆಗಿಲ್ಲ. ಹೆಂಡತಿ ದಿನಾ ಕೇಳ್ತಿದ್ದಾಳೆ.

ಮಾರಬೇಕಾ ಅಂತಲೂ ಮಾತಾಡಿದೆವು. ಮಾರಿ ಬಂದವಳು ಅವರ ಬರಹವನ್ನು ಹೆಂಡತಿ ಎರಡು ಸಲ ಓದಿ, ಹೊದಿಕೆ ಮಡಿಸುವ ಕೆಲಸ ಈ ಸಲದಿಂದ ನನ್ನದು ಅಂದಳು. ಒಪ್ಪಿದ್ದೀನಿ. ಇನ್ನೆರಡು ವರ್ಷ ನೋಡೋದು ಅಂತ ಸದ್ಯದ ತೀರ್ಮಾನ.

ಒಂದು ತಪ್ಪು ಮಾಡಿದೆ. ಬೇಗ ವಾಪಸ್ ಬರ್ತೀವಿ ಅಂದುಕೊಂಡು ಫ್ರೀಜರ್ ಚಾಲೂ ಬಿಟ್ಟು ಹೋಗಿದ್ದೆ. ಎಲ್ಲೋ ಓದಿದ್ದೆ, ಒಂದು ಬಟ್ಟಲಿನಲ್ಲಿ ನೀರು ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಟ್ಟು ಹೋದರೆ, ನಡುವೆ ಕರೆಂಟ್ ಹೋಗಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದ್ದರೂ ತಿಳಿಯುತ್ತೆ ಅಂತ. ಹಾಗೇ ಇಟ್ಟಿದ್ದೆ. ಇವತ್ತು ತೆರೆದು ನೋಡಿದೆ, ಒಳಗೆ ಎಲ್ಲ ಕಲ್ಲಿನ ಹಾಗೆ ಗಟ್ಟಿ, ನೋಡೋಕೆ ಚೆನ್ನಾಗೇ ಇದೆ. ನಾಣ್ಯ ಬಟ್ಟಲಿನ ತಳದಲ್ಲಿದೆ.

ಬೀಗದ ಗೊಂಚಲು

ಎಲ್ಲ ಎಸೆಯಿರಿ. ಹೊರಡುವ ದಿನ ಟವೆಲ್ ಮರೀಬೇಡಿ.